ನಾಳೆಯ ಪಾಠ ಬಿಟ್ಟ ಮನೆ

ದಂಡೋತಿಯ ಮಹಾದೇವಮ್ಮನ ಮೇಳದವರು ಮದುವೆಯಲ್ಲಿ ಹಾಡುವ ಸೋಬಾನೆ ಪದದಲ್ಲಿ ಹಂದರದಡಿ ನಿಂತ ಒಬ್ಬೊಬ್ಬರಿಗೂ ಒಂದೊಂದು ನುಡಿಯಿದೆ. ಹಡೆದವ್ವನಿಗೆ ಒಂದು, ಸೋದರಮಾವನಿಗೆ ಒಂದು, ಮದುಮಗಳ ಮಗ್ಗುಲಲ್ಲಿ ಕಳಸ ಹಿಡಿದು ನಿಲ್ಲುವ ಹುಡುಗಿಗೆ, ಅಂದರೆ ಕಳಸಗಿತ್ತಿಗೆ, ಒಂದು. ಆ ಮನೆಯಲ್ಲಿ ಅವರ ಪೈಕಿ ಯಾರಾದರೂ ತೀರಿಹೋಗಿದ್ದರೆ ಅವರ ನುಡಿಯನ್ನು ಹಾಡುವುದಿಲ್ಲ. ಮುಂದೆ ನಿಂತು ಹಾಡುವವಳು ನಡುವೆ ಉಸಿರೆಳೆಯದೆ ಅದನ್ನು ದಾಟಿಬಿಡುತ್ತಾಳೆ. ಹಿಂದೆ ಹಾಡುವವರು ಸುಳಿವು ಹಿಡಿದು ಕೂಡಿಕೊಳ್ಳುತ್ತಾರೆ. ಬೀಗರಿಗೆ ಅದು ತಿಳಿಯುವುದಿಲ್ಲ. ಮೇಳದವರಿಗೆ ಮಾತ್ರ, ಇಲ್ಲಿ ಒಬ್ಬರಿಲ್ಲ ಎಂಬುದು ತಿಳಿಯುತ್ತದೆ.

ಈ ಕಟ್ಟಳೆಯನ್ನು ಬರೆದುಕೊಳ್ಳಲು ನಾನು ಹೋದಾಗ ಮಹಾದೇವಮ್ಮ ಹಾಡಿಗಿಂತ ಮೊದಲು ತನ್ನ ಮನೆಯ ಈ ಸಂಗತಿಯನ್ನು ಹೇಳಿದಳು. ಆಮೇಲೆ ಇದನ್ನೇ ಚಿತ್ತಾಪುರದ ಸಂಘಪಾಲ ಮಾಸ್ತರನ ಬಾಯಿಂದ ಕೇಳಿದೆ. ನಾಲವಾರದ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತಿದ್ದ ಹೆಂಗಸರಿಂದಲೂ ಕೇಳಿದೆ. ಅವರ ಮಾತುಗಳು ಒಂದಕ್ಕೊಂದು ಹೊಂದದಿರುವುದು ಕೊನೆಯ ಒಂದು ಕಡೆ ಮಾತ್ರ.

ಭಾಗ್ಯಜ್ಯೋತಿ ಮಹಾದೇವಮ್ಮನ ಮೊಮ್ಮಗಳು. ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡವಳು. ತಂದೆ ದೇವಾನಂದ ವಾಡಿಯ ಕಡೆ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ದುಡಿಯುತ್ತ ರವಿವಾರ ಮಾತ್ರ ಮನೆಗೆ ಬರುತ್ತಿದ್ದ. ಹುಡುಗಿ ಅಜ್ಜಿಯನ್ನು ಆಯಿ ಎಂದು ಕರೆಯುತ್ತ, ಅವಳ ಸೆರಗು ಹಿಡಿದು ಮದುವೆಯಿಂದ ಮದುವೆಗೆ ತಿರುಗಿದವಳು. ಎತ್ತರ ಬರುವ ಮುಂಚೆಯೇ ಮೇಳದಲ್ಲಿ ಹಿಂದೆ ನಿಂತು ಹಾಡಿದವಳು. ಹತ್ತನೆಯ ತರಗತಿಗೆ ಬಂದ ವರ್ಷ ಅವಳಿಗೆ ಎದೆಯ ಬೇನೆ ಕಾಣಿಸಿಕೊಂಡಿತು. ಹೈದರಾಬಾದಿನ ದವಾಖಾನೆಯಲ್ಲಿ ಡಾಕ್ಟರು ದೇವಾನಂದನನ್ನು ಹೊರಗೆ ಕರೆದು, ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅವನು ಅದನ್ನು ತನ್ನ ತಾಯಿಗೊಬ್ಬಳಿಗೇ ಹೇಳಿದ. ಹುಡುಗಿಗೆ ಇದು ತಿಳಿಯಕೂಡದು ಎಂದು ಮಹಾದೇವಮ್ಮ ಅವನಿಂದ ಆಣೆ ಮಾಡಿಸಿಕೊಂಡಳು. ಇರುವಷ್ಟು ದಿನ ನಕ್ಕೊಂಡಿರಲಿ. ಅವಳಿಗೆ ಬೇಕಾಗಿದ್ದು ಅಷ್ಟೇ.

ಶಾಲೆಗೆ ಹೋಗಲಾಗದಿದ್ದರೂ ಹುಡುಗಿ ಪರೀಕ್ಷೆಯ ಹಟ ಬಿಡಲಿಲ್ಲ. ಇಂಗ್ಲಿಷ್ ಕಲಿಸಲು ಚಿತ್ತಾಪುರದಿಂದ ಸಂಘಪಾಲ ಎಂಬ ತರುಣ ಮಾಸ್ತರ ಬಸ್ಸಿನಲ್ಲಿ ಬರುತ್ತಿದ್ದ. ಪಡಸಾಲೆಯಲ್ಲಿ ಪಾಠ, ಪಕ್ಕದಲ್ಲಿ ಮೊರ ಇಟ್ಟುಕೊಂಡು ಬೇಳೆಯ ಹರಳು ಆರಿಸುತ್ತ ಮಹಾದೇವಮ್ಮ. ಆಗಿಹೋದದ್ದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆಯ ಪಾಠ ಮುಗಿದ ದಿನ ಅವಳು ಮಾಸ್ತರನನ್ನು ಕಳಿಸಲು ಬಾಗಿಲ ತನಕ ಬಂದಳು.

“ಮುಂದಿಂದು ಏನ್ ಪಾಠರಿ, ಸರ?”

“ನಾಳಿ ಆಗೋದನ್ನ ಹ್ಯಾಂಗ ಹೇಳಬೇಕು ಅನ್ನೋದು, ಆಯಿ. ಇಂಗ್ಲಿಷಿನ್ಯಾಗ ಅದಕ್ಕ ಭಾಳ ದಾರಿ ಅವ.”

“ಅದೊಂದು ಬಿಟ್ಟಬಿಡ್ರಿ.”

“ಪರೀಕ್ಷಾದಾಗ ಅದನ್ನ ಕೇಳೇ ಕೇಳ್ತಾರ್ರಿ.”

“ಪರೀಕ್ಷಾ ತನಕ…” ಎಂದವಳು ಅಲ್ಲಿಗೇ ನಿಂತಳು. ಹೊರಗಿನ ಕಟ್ಟೆಯ ಹತ್ತಿರ ಅವನನ್ನು ಕರೆದೊಯ್ದು ಎಲ್ಲವನ್ನೂ ಹೇಳಿದಳು. “ದೊಡ್ಡಾಕಿ ಆದ ಮ್ಯಾಲ ಏನ್ ಮಾಡ್ತಿ, ಬರೋ ವರ್ಷ ಎಲ್ಲಿರ್ತಿ, ಇದನ್ನೇ ಕೇಳ್ತೀರಿ ಹೌದಿಲ್ಲ? ಆಕಿ ನಕ್ಕೋತ ಹೇಳ್ತಾಳ. ನಾ ಬಾಜೂಕ ಕುಂತು ಹ್ಯಾಂಗ ಕೇಳ್ಲಿ, ಯಪ್ಪಾ?”

ಮರುದಿನ ಸಂಘಪಾಲ ಪುಸ್ತಕದ ಹಾಳೆಗಳನ್ನು ಮಗುಚಿ ಪ್ರಶ್ನೆ ಕೇಳುವ ಪಾಠ ತೆಗೆದ. ಹುಡುಗಿ ಮಗುಚಿದ ಹಾಳೆಗಳನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಸುಮ್ಮನೆ ಬರೆದುಕೊಂಡಳು. ಮಹಾದೇವಮ್ಮ ಚಹಾ ಮಾಡಲು ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು:

“ನಡುವ ಒಂದು ಬಿಟ್ಟೀರಿ, ಸರ.”

“ಅದು ಈ ವರ್ಷ ಬರಂಗಿಲ್ಲ.”

“ಸುಳ್ಳ ಹೇಳಾಕ ನಿಮಗ ಬರಂಗಿಲ್ಲ. ಆಯಿ ಬಿಡಿಸ್ಯಾಳ. ನಾ ಆಕಿ ಹಿಂದ ಹಾಡಿದಾಕಿರಿ. ಆಯಿ ಎಲ್ಲಿ ದಾಟ್ತಾಳ ಅಲ್ಲಿ ಯಾರೋ ಇಲ್ಲಂತ ಅರ್ಥ. ಈಗ ದಾಟಿದ್ದು ನನ್ನ ನುಡಿ.”

ಸಂಘಪಾಲ ಒಳಬಾಗಿಲ ಕಡೆ ನೋಡಿದ. ಒಳಗೆ ಸ್ಟೋವಿನ ಸದ್ದು. ಹುಡುಗಿಯೇ ಮುಂದುವರಿಸಿದಳು: “ನನಗ ಗೊತ್ತಾಗ್ಯಾದಂತ ಆಯಿಗಿ ಹೇಳಬ್ಯಾಡ್ರಿ. ಮುಚ್ಚಿಟ್ಟೀನಂತ ಆಕಿ ಸಮಾಧಾನದಾಗ ಇದ್ದಾಳ, ಇರ್ಲಿ. ಆ ಪಾಠ ಮಾತ್ರ ಕಲಿಸ್ರಿ. ಆಕಿಗಿ ಇಂಗ್ಲಿಷ್ ಎಲ್ಲಿ ತಿಳೀತದ?”

ಅಂದಿನಿಂದ ಆ ಪಡಸಾಲೆಯಲ್ಲಿ ಒಂದೇ ಗುಟ್ಟನ್ನು ಇಬ್ಬರು ಒಬ್ಬರಿಂದೊಬ್ಬರು ಮುಚ್ಚಿಟ್ಟರು. ಎರಡು ಕಡೆಗೂ ಮಾತು ಕೊಟ್ಟ ಮಾಸ್ತರ ನಡುವೆ ಕುಳಿತ.

ಅವನು ಕಲಿಸಿದ್ದು ಹೀಗೆ. ಚಿತ್ತಾಪುರದ ಬಸ್ಸು ಹೊರಡುವ ವೇಳೆ ಮೊದಲೇ ಗೊತ್ತಾದದ್ದು. ಅದು ನಾಳಿನದಾದರೂ ದಿನವೂ ನಡೆಯುವ ಮಾತಿನಂತೆಯೇ ಹೇಳಬಹುದು. ಓಣಿಯ ನಾಗರತ್ನಾಳ ಮದುವೆ ನಿಶ್ಚಯವಾಗಿ ಎಲೆಅಡಿಕೆ ಹಂಚಿಯಾಗಿದೆ. ಅಂಥದನ್ನು ಈಗಲೇ ನಡೆಯುತ್ತಿರುವಂತೆ ಹೇಳಬೇಕು. ಕಾಗಿಣಾ ನದಿಯ ಮೇಲೆ ಮೋಡ ಕಟ್ಟಿ ಕಣ್ಣಿಗೆ ಕಂಡರೆ ‘ಗೋಯಿಂಗ್ ಟು’. ಕಣ್ಣಿಗೆ ಏನೂ ಕಾಣದೆ, ಬರೀ ಮನಸ್ಸಿನ ನಂಬಿಕೆಯಿಂದಲೋ ಕೊಟ್ಟ ಮಾತಿನಿಂದಲೋ ಹೇಳುವುದಾದರೆ ‘ವಿಲ್’.

“ನಾಳಿ ಅನ್ನೋದಕ್ಕ ಇಷ್ಟು ನಮೂನಿ ಬೇಕೇನ್ರಿ?” ಎಂದು ಹುಡುಗಿ ನಕ್ಕಳು. “ನಮಗ ‘ಬರ್ತೀನಿ’ ಅಂದ್ರ ಮುಗೀತು.”

“ಅದಕ್ಕ ನೀವು ಬರ್ತೀನಿ ಅಂತೀರಿ, ಬರೋದೇ ಇಲ್ಲ.”

ಅವಳು ವಾಕ್ಯ ಕಟ್ಟತೊಡಗಿದಳು. ಅಪ್ಪ ರವಿವಾರ ಬರುತ್ತಾನೆ. ಎಮ್ಮೆ ಈಯುವುದರಲ್ಲಿದೆ. ಹೊಳೆ ತುಂಬುವುದರಲ್ಲಿದೆ. ಮೊಮ್ಮಗಳ ನಾಲಗೆಯಲ್ಲಿ ಇಂಗ್ಲಿಷ್ ಹರಿಯುವುದನ್ನು ಕೇಳಿ ಮಹಾದೇವಮ್ಮ ಹಿಗ್ಗುತ್ತಿದ್ದಳು. ಬಹಳ ಹೊತ್ತಿನ ಮೇಲೆ ಸಂಘಪಾಲನಿಗೆ ಹೊಳೆಯಿತು: ಎಲ್ಲದರಲ್ಲಿಯೂ ಇನ್ನೊಬ್ಬರೇ ಇದ್ದರು, ‘ನಾನು’ ಎಂಬುದು ಒಂದರಲ್ಲಿಯೂ ಇರಲಿಲ್ಲ. ‘ನಾನು’ ಇರುವಂಥದೊಂದು ಹೇಳು ಎಂದ. ಅಂದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

ಹುಡುಗಿ ಪೆನ್ನು ಕೆಳಗಿಟ್ಟಳು. ಆಮೇಲೆ ಹೇಳಿದ ಇಂಗ್ಲಿಷಿನ ಅರ್ಥ ಇದು: ‘ನಾಗರತ್ನಕ್ಕನ ಮದುವೆಯಲ್ಲಿ ನಾನು ಇರುವುದಿಲ್ಲ. ಆಯಿ ನನ್ನ ನುಡಿ ಬಿಡುವುದಿಲ್ಲ.’ ಎರಡರಲ್ಲಿಯೂ ‘ವಿಲ್’ ಇಟ್ಟಿದ್ದಳು.

ಆ ಮದುವೆಗೆ ಕಳಸಗಿತ್ತಿಯಾಗಿ ಗೊತ್ತಾಗಿದ್ದವಳು ಅವಳೇ.

“ನನ್ನ ಹೆಸರ ಬಂತಲ್ಲ,” ಎಂದು ಮಹಾದೇವಮ್ಮ ಮೊರದಿಂದ ತಲೆ ಎತ್ತಿದಳು. “ಏನಂದಳ್ರಿ?”

“ನಾಗರತ್ನಾನ ಮದುವ್ಯಾಗ ಆಯಿ ಛಲೋ ಹಾಡ್ತಾಳ ಅಂದಳ್ರಿ,” ಎಂದ ಸಂಘಪಾಲ.

“ಹಾಡಲಾರದ ಬಿಡ್ತೀನೇನ? ಏ ಪೋರಿ, ನಿನ್ನ ನುಡಿ ಎರಡು ಸಲ ಹಾಡ್ತೀನಿ ನೋಡ್.” ಹಾಗೆಂದು ಅವಳು ತಲೆ ತಗ್ಗಿಸಿ ಮತ್ತೆ ಹರಳು ಆರಿಸಿದಳು. ಹುಡುಗಿ ನಕ್ಕಳು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲದ ಒಂದು ಮಧ್ಯಾಹ್ನ ಭಾಗ್ಯಜ್ಯೋತಿ ತೀರಿಕೊಂಡಳು. ಪರೀಕ್ಷೆ ಇನ್ನೂ ಬಂದಿರಲಿಲ್ಲ. ಹೊಲದ ಮೂಲೆಯಲ್ಲಿ ಸೊಸೆಯ ಮಗ್ಗುಲಿಗೆ ಮೊಮ್ಮಗಳಿಗೂ ಮಣ್ಣು ಕೊಟ್ಟು ಬಂದ ಮಹಾದೇವಮ್ಮ, ಇನ್ನು ಹಾಡುವುದಿಲ್ಲ ಎಂದಳು.

ನಾಗರತ್ನಾಳ ಮದುವೆಯ ಹಿಂದಿನ ದಿನ ಸಂಘಪಾಲ ದಂಡೋತಿಗೆ ಬಂದ. ಆ ದಿನ ತಾನು ತಿರುಗಿಸಿ ಹೇಳಿದ್ದು ಅರ್ಧ ಮಾತ್ರ ಎಂದು ಹೇಳಿ, ಹುಡುಗಿ ಆಡಿದ್ದನ್ನು ಪೂರ್ತಿಯಾಗಿ ಕನ್ನಡದಲ್ಲಿ ಹೇಳಿದ.

“ಆಕಿಗಿ ಗೊತ್ತಿತ್ತೇನು?”

“ಗೊತ್ತಿತ್ರಿ. ನೀವು ಪಾಠ ಬಿಡಿಸಿದ ಮರುದಿನಾನ.”

ಮುದುಕಿ ನೆಲಕ್ಕೆ ಕೈಯೂರಿ ಕುಳಿತಳು. “ಬಿಟ್ಟ ನುಡಿ ಕೇಳೋದು ನಾನ ಕಲಿಸಿದ್ನಲ್ಲೋ ಮಾಸ್ತರ. ಮರ್ತೇ ಬಿಟ್ಟಿದ್ದೆ. ಹೇಳಿದ್ರ ಜೋಡಿ ಕುಂತು ಅಳ್ತಿದ್ವಿ. ಒಂದೇ ಮನ್ಯಾಗ ಇದ್ದು ಇಬ್ಬರೂ ಬ್ಯಾರೆ ಬ್ಯಾರೆ ಅತ್ತೀವಿ.”

ಮರುದಿನ ಅವಳು ಹಂದರಕ್ಕೆ ಬಂದು ಮುಂದೆ ನಿಂತಳು. ನಾಗರತ್ನಾಳ ಮಗ್ಗುಲಲ್ಲಿ ಬೇರೊಂದು ಹುಡುಗಿ ಕಳಸ ಹಿಡಿದಿದ್ದಳು. ಹಡೆದವ್ವನ ನುಡಿ ಆಯಿತು, ಸೋದರಮಾವನದಾಯಿತು. ಮೊದಲು ಗೊತ್ತಾಗಿದ್ದವಳೇ ಇಲ್ಲದ್ದರಿಂದ ಕಳಸಗಿತ್ತಿಯ ನುಡಿಯನ್ನು ಆಯಿ ದಾಟುತ್ತಾಳೆಂದು ಹಿಂದಿನವರು ಮುಂದಿನದಕ್ಕೆ ಉಸಿರು ಹಿಡಿದು ನಿಂತರು. ಅವಳು ದಾಟಲಿಲ್ಲ.

ಕಾಗಿಣಿ ನೀರ ತಂದು ಕಳಸಾವ ತುಂಬ್ಯಾಳ
ಬಾಗಿಲ ಮುಂದ ನಿಂತಾಳ ಭಾಗ್ಯವ್ವ
ಬಾಗೀನೆ ದೀಪ ಬೆಳಗ್ಯಾಳ

ಸತ್ತವಳ ಹೆಸರು ಹಂದರದಲ್ಲಿ ಕೇಳಿ ಬೀಗರ ಕಡೆಯ ಹಿರಿಯಳೊಬ್ಬಳು ‘ಶಿವಶಿವಾ’ ಎಂದು ಎದ್ದಳು. ಮದುಮಗಳು ತಲೆ ಎತ್ತಲಿಲ್ಲ. ಅವಳ ಬಾಸಿಂಗ ಅಲುಗುತ್ತಿತ್ತು. ಮಹಾದೇವಮ್ಮ ಅದೇ ನುಡಿಯನ್ನು ಇನ್ನೊಮ್ಮೆ ಎತ್ತಿಕೊಂಡಳು.

ಹೇಳಿಕೆಗಳು ಬೇರೆಯಾಗುವುದು ಇಲ್ಲಿ. ಎರಡನೆಯ ಸಲ ಮೇಳವೆಲ್ಲ ಕೂಡಿ ಹಾಡಿತು, ಹಂದರವೇ ಅತ್ತಿತು ಎಂದು ನಾಲವಾರದ ಹೆಂಗಸರು ಹೇಳುತ್ತಾರೆ. ಸಂಘಪಾಲ, ತನಗೆ ನಿಲ್ಲಲಾಗದೆ ಅಷ್ಟರಲ್ಲಿ ಹೊರಗೆ ಹೋಗಿದ್ದೆ ಎಂದ. ಯಾವುದನ್ನು ಬರೆದುಕೊಳ್ಳಲಿ ಎಂದು ಮಹಾದೇವಮ್ಮನನ್ನೇ ಕೇಳಿದೆ.

“ಹಿಂದ ಯಾರೂ ಹಾಡಲಿಲ್ರಿ,” ಎಂದಳು. “ನನ್ನ ಹಿಂದ ಹಾಡಾಕಿ ಆಕೀನ ಇದ್ದಳಲ್ಲ.”