ಮುಂಡಪ್ಪನ ಅಂಗೈಯ ಕಲ್ಲು

ಸ್ವಲ್ಪ ನಿಲ್ಲಿ, ಇದನ್ನು ಪೂರ್ತಿ ಕೇಳಿಯೇ ಹೋಗಬೇಕು. ಕೊಲ್ಲಿ ದೇಶದ ಆಸ್ಪತ್ರೆಯೊಂದರ ಶವಾಗಾರದ ಪಕ್ಕದ ಕೋಣೆಯಲ್ಲಿ ರಾಜೀವಿ ತೀರಿಹೋದ ಗಂಡ ಮುಂಡಪ್ಪನ ಸೆಟೆದ ಬೆರಳುಗಳನ್ನು ಬಿಡಿಸಿ, ಅಂಗೈಯಲ್ಲಿ ಚಪ್ಪಟೆಯ ದುಂಡು ಕಲ್ಲೊಂದನ್ನು ಇಡುತ್ತಿದ್ದಳು.

“ಎಂತ ಅದು?” ಕ್ರಿಯೆ ಮಾಡಿಸಲು ಬಂದ ತಾರಾನಾಥ ಸತ್ತವರ ಬಾಯಿಗೆ ಹಾಕುವ ಅಕ್ಕಿಯ ತಟ್ಟೆ ಹಿಡಿದೇ ಬಗ್ಗಿದರು.

“ಕಲ್ಲಾದ ಜೀವಿ. ಕೈಯಲ್ಲೇ ಇಟ್ಟು ಕಳಿಸು ಅಂತ ಇವರೇ ಅಂದಿದ್ರು.”

“ಸತ್ತ ಪ್ರಾಣಿಯ ಚಿಪ್ಪಾ? ಮೈಲಿಗೆ ಮಾರಾಯ್ರೇ! ತೆಗೀರಿ.”

“ತೆಗಿ ಅಮ್ಮ,” ಮಗ ಪ್ರವೀಣ್ ಪಿಸುಗುಟ್ಟಿದ. ಬಾಗಿಲಲ್ಲಿ ಅವನ ಆಫೀಸಿನವರು ನಿಂತಿದ್ದರು.

*

ಕಟ್ಟಡ ಏಳುವ ಮೊದಲು ನೆಲ ಕೊರೆದು ಪರೀಕ್ಷಿಸುವ ಕಂಪನಿಯಲ್ಲಿ ಮುಂಡಪ್ಪ ಇಪ್ಪತ್ತೆಂಟು ವರ್ಷ ಡ್ರಿಲ್ಲಿಂಗ್ ಯಂತ್ರ ನಡೆಸಿದ್ದ. ರಿಫಾ ಎಂಬ ಊರಿನಲ್ಲಿ ಕೊರೆಯುವಾಗ ಕೊಳವೆಯಿಂದ ಬಂದ ಸುಣ್ಣಕಲ್ಲಿನಲ್ಲಿ ಇದು ಸಿಕ್ಕ ದಿನ, ಹೂರಾ ಬಡಾವಣೆಯ ಮನೆಗೆ ಏದುಸಿರು ಬಿಡುತ್ತಾ ಬಂದಿದ್ದ.

“ನೋಡೇ! ಅಗಸ್ಟಿನ್ ಇಂಜಿನಿಯರ್ರು ಹೇಳಿದ್ರು, ನಾಲ್ಕೈದು ಕೋಟಿ ವರ್ಷ ಹಿಂದೆ ರಿಫಾ ಕಡಲಡಿ ಇತ್ತಂತೆ. ಇದಕ್ಕೆ ಇಡೀ ಮೈಗೆ ಒಂದೇ ಜೀವಕೋಶ. ಇದರ ಬಳಗದವು ಹೆಚ್ಚಿನವು ಕಣ್ಣಿಗೇ ಕಾಣುದಿಲ್ಲ. ಇದು ನೋಡು, ಎರಡು ಬೆರಳಗಲ ಉಂಟು!”

“ಅದಕ್ಕೆ ನೀವ್ಯಾಕೆ ಉಬ್ಬುದು?”

“ಸಣ್ಣದಾಗಿಯೇ ಇರು ಅಂತ ಯಾರಾದ್ರೂ ಹೇಳಿರ್ಬೇಕು. ಇದು ಕೇಳ್ಲಿಲ್ಲ!”

*

“ತಾರಾನಾಥಣ್ಣ, ಈಗ ಬಾಯಿಗೆ ಸಾಲಿಗ್ರಾಮದ ತೀರ್ಥ ಬಿಟ್ರಲ್ಲ, ಆ ಸಾಲಿಗ್ರಾಮ ಎಂತದು?”

“ಅದು ದೇವರು.”

“ಅದೂ ಕಡಲಿನ ಪ್ರಾಣಿಯೇ, ಕಲ್ಲಾದದ್ದು. ಇವರೇ ಹೇಳಿದ್ದು. ಮತ್ತೆ ನೀವು ಊದುವ ಶಂಖ? ಮರದಲ್ಲಿ ಬಿಡ್ತದಾ?”

ಬಾಗಿಲಲ್ಲಿ ಯಾರೋ ನಗು ನುಂಗಿದರು. ತಾರಾನಾಥ ತಟ್ಟೆಯನ್ನು ಕುಕ್ಕಿದರು. “ಹಾಗಾದ್ರೆ ಕಲ್ಲೋ ನಾನೋ, ಹೇಳಿ.”

“ಯಲ್ಲಾ, ಬೇಗ ಬೇಗ! ಹತ್ತು ನಿಮಿಷ್!” ಶವ ಒಯ್ಯಲು ಬಂದ ವ್ಯಾನಿನ ಚಾಲಕ ಅಲಿ ಹೊರಗಿನಿಂದ ಕೂಗಿದ.

ರಾಜೀವಿ ಗಂಡನ ಕೈ ಬಿಡಲಿಲ್ಲ. ಎಲ್ಲರೂ ಪ್ರವೀಣನನ್ನು ನೋಡಿದರು. ಅವನಿಗೆ ಒಂದು ಮಂತ್ರವೂ ಬಾರದು. ಅಮ್ಮನ ಮುಖ ನೋಡಿದ. ತಟ್ಟೆಯನ್ನು ತಾನೇ ಎತ್ತಿಕೊಂಡ.

“ಕಲ್ಲು ಇರ್ಲಿ,” ಎಂದ. “ಅಮ್ಮ, ಮೊದಲು ಯಾರು ಅಕ್ಕಿ ಹಾಕುದು?”

ಆಫೀಸಿನವರು ಒಬ್ಬೊಬ್ಬರಾಗಿ ಬೂಟು ಕಳಚಿ ಒಳಗೆ ಬರತೊಡಗಿದರು. ಹೊರಟುಬಿಡಲೆಂದು ಎದ್ದಿದ್ದ ತಾರಾನಾಥ ಮಾತ್ರ ಹೊಸ್ತಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಕಾಲನ್ನು ತಣ್ಣನೆಯ ನೆಲದ ಮೇಲೆ ಊರಿ ನಿಂತಿದ್ದರು. ಅವರ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?