ಮಂಜಿಯ ಕಾರ್ಡು ಬಚ್ಚಲೊಲೆಗೆ ಬಿದ್ದ ಮೇಲೆ

ಗಂಗಿಗೆ ಮೊಮ್ಮಗಳು ಮಂಜಿ ಎಂದರೆ ಜೀವ. ಆದರೆ ಆಶಾ ಕಾರ್ಯಕರ್ತೆ ಸುನೀತಾ ಓಣಿಯ ತುದಿಯಲ್ಲಿ ಕಂಡಳೋ, ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿತ್ತಲಿಗೆ ಓಡಿಬಿಡುತ್ತಿದ್ದಳು. "ಎಲ್ಲಾ ಸೂಜಿ ಆಗ್ಯದೆ, ತವರಲ್ಲೇ ಆಗ್ಯದೆ!" ಎಂದು ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು.

ಓಡಲಿಕ್ಕೆ ಕಾರಣ ಇತ್ತು. ಸೊಸೆ ಗಾಯತ್ರಿಯ ಬಾಣಂತನ ಆದದ್ದು ಅವಳ ತವರು ಅಗಸೂರಿನಲ್ಲಿ. ಒಳ್ಳೆ ದಿನ ನೋಡಿ, ತಾಯಿ ಮಗುವನ್ನು ತಮ್ಮೂರು ಸದಾಶಿವಗಡಕ್ಕೆ ಕರೆತರಲು ಹೋದವಳು ಗಂಗಿಯೇ. ಬಾಣಂತಿ ಕೋಣೆಯ ಹಳೆ ಬಟ್ಟೆ ಗಂಡನ ಮನೆ ಹೊಸ್ತಿಲು ದಾಟಬಾರದು ಎಂಬುದು ಅವರ ಮನೆಯ ಪದ್ಧತಿ. ಹಾಗಾಗಿ ಹೊರಡುವ ಮುಂಚೆ ಬಟ್ಟೆಯ ಗಂಟನ್ನು ಅಲ್ಲಿನ ಬಚ್ಚಲೊಲೆಗೆ ಕೈಯಾರೆ ಹಾಕಿದಳು. ಲಸಿಕೆಯ ವಿವರ ಬರೆದ ತಾಯಿ ಕಾರ್ಡು ಆ ಗಂಟಿನೊಳಗೇ ಇತ್ತು. ಗೊತ್ತಾಗುವಷ್ಟರಲ್ಲಿ ಬೂದಿ! ಗಾಯತ್ರಿ ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಗಂಗಿಗೆ ಹೆಚ್ಚು ಚುಚ್ಚಿತು.

ಮಂಜಿಗೆ ಒಂಬತ್ತು ತಿಂಗಳು ತುಂಬಿತು. ಪಕ್ಕದ ಕೇರಿಯಲ್ಲಿ ಮಕ್ಕಳಿಗೆ ದಡಾರ ಎದ್ದಿದೆ ಎಂಬ ಸುದ್ದಿ ಬಂತು. ಆವತ್ತು ಸುನೀತಾ ಮುಂಬಾಗಿಲಿಗೆ ಬರಲೇ ಇಲ್ಲ. ನೇರ ಹಿತ್ತಲಿಗೇ ಬಂದಳು. ಹರಿವೆ ಸೊಪ್ಪು ಕೀಳುತ್ತಿದ್ದ ಗಂಗಿಗೆ ಓಡಲು ಜಾಗ ಉಳಿಯಲಿಲ್ಲ.

"ಗಂಗಮ್ಮ, ಗುರುವಾರ ಅಂಗನವಾಡಿಯಲ್ಲಿ ದಡಾರದ ಲಸಿಕೆ ಹಾಕ್ತಾರೆ. ಮಂಜೀನ ಕರ್ಕಂಡು ಬನ್ನಿ."

"ಕಾರ್ಡಿಲ್ಲ ಮಾರಾಯ್ತಿ! ಸುಟ್ಟುಹೋಯ್ತು. ನಾನೇ ಸುಟ್ಟೆ. ಸಾಕಾ? ಇನ್ನು ಊರಿಗೆಲ್ಲ ಡಂಗುರ ಹೊಡಿ!"

ಸುನೀತಾ ನಗಲಿಲ್ಲ. "ಇದಕ್ಕಾ ಇಷ್ಟು ದಿನ ಅಡಗಿ ಕೂತದ್ದು? ಕಾರ್ಡು ಸುಟ್ಟರೂ ಲೆಕ್ಕ ಉಳೀತದೆ ಗಂಗಮ್ಮ. ಯು-ವಿನ್ ಅಂತ ಸರ್ಕಾರದ ವ್ಯವಸ್ಥೆ ಅದೆ. ಯಾವ ದಿನ ಯಾವ ಲಸಿಕೆ ಹಾಕಿದ್ರು ಅಂತ ನರ್ಸಮ್ಮ ಅದರಲ್ಲಿ ಏರಿಸ್ತಾರೆ. ಅಗಸೂರಲ್ಲಿ ಏರಿಸಿದ್ದು ಇಲ್ಲೂ ಕಾಣ್ತದೆ. ನಾಳೆ ನಿಮ್ಮ ಮಗ ಕೆಲಸಕ್ಕೆ ಅಂತ ಎಲ್ಲರನ್ನೂ ಗೋವಾಕ್ಕೆ ಕರ್ಕಂಡು ಹೋದ್ರೆ ಅಲ್ಲೂ ಕಾಣ್ತದೆ. ಅದರಿಂದ ಫೋನಿನಲ್ಲೇ ಲಸಿಕೆಯ ಪಾಸು, ಅಂದ್ರೆ ಲಸಿಕೆ ಹಾಕಿಸಿದ್ದಕ್ಕೆ ಪತ್ರ, ತೆಗೀಬಹುದು."

"ಅದೆಲ್ಲ ಕಾರವಾರದ ಆಫೀಸಿನೋರ ಮಕ್ಕಳಿಗೆ. ಕೂಲಿ ಮಾಡೋರಿಗೆ ಯಾರು ಕೊಡ್ತಾರೆ?"

"ಎಲ್ಲರಿಗೂ ಕೊಡ್ತಾರೆ. ಬಸುರಿಯರಿಗೆ, ಹುಟ್ಟಿದ ಕೂಸಿನಿಂದ ಹಿಡಿದು ಹದಿನಾರು ವರ್ಷದ ಮಕ್ಕಳ ತನಕ. ದುಡ್ಡು ಕೊಡೂದು ಬೇಡ. ಫೋನ್ ಬಳಸಲಿಕ್ಕೆ ಬರದಿದ್ರೆ ನಾವೇ ಹೆಸರು ಏರಿಸ್ತೇವೆ. ದೊಡ್ಡೋರ ಕೋವಿಡ್ ಲಸಿಕೆಯ ಪತ್ರ ಮಾತ್ರ ಬೇರೆ, ಅದು ಕೋವಿನ್‌ನಲ್ಲಿ ಸಿಗ್ತದೆ."

ಗಾಯತ್ರಿ ಆಗಲೇ ತನ್ನ ಫೋನ್ ಹಿಡಿದು ಬಂದಿದ್ದಳು. ಹೆರಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಕೊಟ್ಟಿದ್ದು ಅವಳ ಅಣ್ಣ ಕಿಶನನ ನಂಬರು. ಯು-ವಿನ್ ತೆರೆದು ಅದನ್ನು ಒತ್ತಿದಳು. ಓಟಿಪಿ ಹೋದದ್ದೂ ಅವನ ಫೋನಿಗೇ. ಅದನ್ನು ಕೇಳಲು ಅಣ್ಣನಿಗೆ ಕರೆ ಮಾಡುವಷ್ಟರಲ್ಲಿ ಗಂಗಿ ಅಡ್ಡ ಬಂದಳು.

"ನಿಲ್ಲೇ! ಓಟಿಪಿ ಯಾರಿಗೂ ಹೇಳಬಾರದು ಅಂತ ದಿನಾ ಬಡ್ಕೊಳ್ತಾರಲ್ಲ!"

"ಭೇಷ್ ಗಂಗಮ್ಮ!" ಎಂದಳು ಸುನೀತಾ. "ಗುರುತಿಲ್ಲದೋರು ಫೋನ್ ಮಾಡಿ ಕೇಳಿದ್ರೆ ಸತ್ರೂ ಹೇಳಬಾರದು. ಇದು ಹಾಗಲ್ಲ. ನಾವೇ ನಮ್ಮ ಮಗುವಿನ ಲೆಕ್ಕ ತೆರೀತಾ ಇದ್ದೇವೆ. ಹೇಳೋನು ಅಣ್ಣ, ಒತ್ತೋಳು ತಂಗಿ. ನನ್ನ ಕೈಗೂ ಕೊಡೂದು ಬೇಡ."

ಕಿಶನ ಅಂಕಿ ಹೇಳಿದ, ಲೆಕ್ಕ ತೆರೆಯಿತು. ಹುಟ್ಟಿದಾಗ ಹೆಸರಿಟ್ಟಿರಲಿಲ್ಲವಲ್ಲ, 'ಗಾಯತ್ರಿಯ ಮಗು' ಎಂದೇ ಇತ್ತು. ಹೆಸರನ್ನು ಆಮೇಲೆ ಸೇರಿಸಬಹುದು ಎಂದಳು ಸುನೀತಾ. ಹುಟ್ಟಿದಾಗಿನ ಲಸಿಕೆ ಇತ್ತು. ಒಂದೂವರೆ ತಿಂಗಳಿನದು, ಎರಡೂವರೆ ತಿಂಗಳಿನದು ಇತ್ತು. ಮೂರೂವರೆ ತಿಂಗಳಿನದರ ಎದುರು ಮಾತ್ರ ಖಾಲಿ.

"ಬರೆಯೋದು ಮರೆತಿರಬಹುದು" ಎಂದಳು ಗಂಗಿ.

ಗಾಯತ್ರಿ ಮೆಲ್ಲಗೆ ತಲೆ ಆಡಿಸಿದಳು. "ಇಲ್ಲ ಅತ್ತೆ. ಆವತ್ತೇ ನೀವು ನಮ್ಮನ್ನ ಕರ್ಕಂಡು ಬಂದದ್ದು. ಸೂಜಿ ಹಾಕಿಸಿ ಹೋಗುವಾ ಅಂದೆ, ಹೊತ್ತು ಮೀರ್ತದೆ ಅಂದ್ರಿ. ಇಲ್ಲಿಗೆ ಬಂದ ಮೇಲೆ ಹೇಳಲಿಕ್ಕೆ ನನಗೂ ಧೈರ್ಯ ಆಗಲಿಲ್ಲ."

ಗಂಗಿ ಕೈಯಲ್ಲಿದ್ದ ಸೊಪ್ಪು ಬಿಟ್ಟು ಅಲ್ಲೇ ಮಣ್ಣಿನ ಮೇಲೆ ಕುಳಿತಳು. ಆಮೇಲೆ ಹೇಳಿದಳು, "ನನ್ನ ಚೊಚ್ಚಲ ಮಗಳು ಸುಕ್ರಿ. ಹೀಗೇ ಅಂಬೆಗಾಲಿಡ್ತಿತ್ತು. ದಡಾರ ಬಂತು. ಅಮ್ಮ ಬಂದಾಳೆ, ತಾನಾಗೇ ಇಳೀತಾಳೆ ಅಂದ್ರು ಎಲ್ಲ. ಜ್ವರ ಇಳೀಲಿಲ್ಲ, ಉಸಿರೇ ನಿಂತುಹೋಯ್ತು. ಆ ಸಂಕಟ ಗೊತ್ತಿದ್ದೂ ನಾನು ಮರ್ಯಾದೆ ಹೋಗ್ತದೆ ಅಂತ ಈ ಕೂಸನ್ನ ಅಡಗಿಸಿಟ್ಟೆನಲ್ಲ!"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಾಯತ್ರಿ ಪಕ್ಕದಲ್ಲಿ ಕುಳಿತು ಅತ್ತೆಯ ಬೆನ್ನು ಸವರಿದಳು.

"ಹೊತ್ತು ಮೀರಿಲ್ಲ ಗಂಗಮ್ಮ" ಎಂದಳು ಸುನೀತಾ. "ಬಿಟ್ಟುಹೋದದ್ದನ್ನೂ ಹಾಕ್ತಾರೆ, ಈಗಿನದನ್ನೂ ಹಾಕ್ತಾರೆ. ಲೆಕ್ಕ ನೋಡಿದ್ರಿಂದ ಗೊತ್ತಾಯ್ತಲ್ಲ, ಅದೇ ದೊಡ್ಡದು."

ಗುರುವಾರ ಅಂಗನವಾಡಿಗೆ ಎಲ್ಲರಿಗಿಂತ ಮೊದಲು ಹೋಗಿ ಕುಳಿತವಳು ಗಂಗಿ. ನರ್ಸಮ್ಮ ಬಯ್ಯುತ್ತಾಳೆಂದುಕೊಂಡಿದ್ದಳು. ನರ್ಸಮ್ಮ ಬಯ್ಯಲಿಲ್ಲ. ಲೆಕ್ಕ ತೆರೆದು ನೋಡಿ ಎರಡೂ ಲಸಿಕೆ ಹಾಕಿದಳು. ಹೊಸ ಕಾರ್ಡನ್ನೂ ಬರೆದುಕೊಟ್ಟು, "ಇದೂ ಇರಲಿ, ಫೋನಿನಲ್ಲಿದ್ದದ್ದೂ ಇರಲಿ" ಎಂದಳು. ಮಂಜಿ ಸೂರು ಹಾರುವಂತೆ ಕಿರುಚಿದಳು.

ಮನೆಗೆ ಬರುವ ದಾರಿಯಲ್ಲೇ ಕಿಶನನ ಫೋನು. "ಗಂಗತ್ತೆ, ಮಂಜಿಗೆ ಲಸಿಕೆ ಆಯ್ತಂತೆ, ನನಗೆ ಮೆಸೇಜು ಬಂತು! ಬಾಳ ಅತ್ತಳಾ?"

"ಅಳಲಿ ಬಿಡೋ ತಮ್ಮ" ಎಂದಳು ಗಂಗಿ. "ಅಳೋ ಕೂಸು ಮನೇಲಿ ಇರೂದೇ ಭಾಗ್ಯ."

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಜ್ಜಿಯರೇ, ಮಗುವನ್ನು ತವರಿನಿಂದ ಹೊರಡಿಸುವ ಮುಂಚೆ ಎರಡು ಮಾತು ಕೇಳಿಕೊಳ್ಳಿ. ಯು-ವಿನ್‌ನಲ್ಲಿ ಹೆಸರು ಏರಿದೆಯೇ, ಯಾರ ಫೋನ್ ನಂಬರು ಕೊಟ್ಟಿದ್ದೀರಿ? ಏರದಿದ್ದರೆ ನಿಮ್ಮ ಆಶಾ ಅಕ್ಕನಿಗೆ ಹೇಳಿ. ಕಾರ್ಡು ಕಳೆದಿರಲಿ, ಫೋನ್ ಕೆಟ್ಟಿರಲಿ, ಪಾಸು ಸಿಗದೇ ಇರಲಿ, ಲಸಿಕೆಯನ್ನು ಮಾತ್ರ ನಿಲ್ಲಿಸಬೇಡಿ. ಯಾರಾದರೂ ಬೈದರೆ ಎರಡು ಮಾತು ಬೈದಾರು, ಕೇಳಿಸಿಕೊಂಡರಾಯಿತು. ಮಗುವನ್ನು ಎತ್ತಿಕೊಂಡು ಹೋಗಿ.