ಕ್ಷೌರಿಕನ ಕೈಗೆ ಸಿಕ್ಕ ಲ್ಯಾವೆಂಡರ್

ನಲವತ್ತು ವರ್ಷದಿಂದ ಜನರ ತಲೆ ನನ್ನ ಕೈಯಲ್ಲಿದೆ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಅಂಗಡಿಗೆ ಬಂದವರು ಯಾರಾದರೂ ಕನ್ನಡಿ ನೋಡಿಕೊಂಡು, "ಜಾಸ್ತಿ ಕತ್ತರಿಸಿಬಿಟ್ಯಲ್ಲಯ್ಯಾ" ಎಂದು ಗೊಣಗಿದರೆ ನನ್ನದು ಒಂದೇ ಉತ್ತರ: "ಹೋಗಿದ್ದು ಕೂದ್ಲು ತಾನೇ, ತಲೆ ಅಲ್ವಲ್ಲ! ಹದಿನೈದು ದಿನ ಬಿಡಿ, ತಾನಾಗೇ ಬರುತ್ತೆ."

ಅಂಗಡಿಯ ಹಿಂದೆಯೇ ಮನೆ. ಅಡುಗೆಮನೆಯ ಕಿಟಕಿಯ ಕೆಳಗೆ, ಗೋಡೆಯುದ್ದಕ್ಕೂ ನನ್ನ ಹೆಂಡತಿ ಲ್ಯಾವೆಂಡರ್ ಬೆಳೆಸಿದ್ದಳು. ನೀರು ನಿಂತರೆ ಬೇರು ಕೊಳೆಯುತ್ತದೆಂದು ಮಣ್ಣಿಗೆ ಮರಳು ಬೆರೆಸಿ, ಬೆರಳಿಟ್ಟು ಒಣಗಿದ್ದು ನೋಡಿಯೇ ನೀರು ಹಾಕುತ್ತಿದ್ದಳು. ನೇರಳೆ ಹೂ ಬಿಟ್ಟರೆ ಸಾಕು, ಬೆಳಗಿನಿಂದಲೇ ಜೇನುನೊಣಗಳ ಗುಂಯ್ ಸದ್ದು. ನಮಗೆ ಮಕ್ಕಳಿಲ್ಲ. "ನಮ್ಮನೆಗೂ ದಿನಾ ನೆಂಟ್ರು ಬರ್ತಾರೆ ನೋಡ್ರೀ" ಎಂದು ನಗುತ್ತಿದ್ದಳು.

ಅವಳನ್ನು ಆಸ್ಪತ್ರೆಗೆ ಸೇರಿಸಿದ ವಾರವೇ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೆಚ್ಚೆಂದರೆ ಮೂರು ತಿಂಗಳು ಎಂದರು. ನಾನು ಒಳಗೆ ಬಂದು, "ವಾಸಿಯಾಗುತ್ತಂತೆ ಕಣೇ" ಎಂದೆ. ಅವಳು ನಂಬಿದಳು. ನಂಬಿದ್ದರಿಂದಲೇ ಎರಡು ತುತ್ತು ತಿನ್ನುತ್ತಿದ್ದಳು, ರಾತ್ರಿ ನಿದ್ದೆ ಮಾಡುತ್ತಿದ್ದಳು. ಆ ನಂಬಿಕೆ ಕೆಡದಂತೆ ನೋಡಿಕೊಳ್ಳುವುದೊಂದೇ ನನಗೆ ಉಳಿದ ಕೆಲಸವಾಗಿತ್ತು.

"ಹೂವೆಲ್ಲ ಬಾಡಿರುತ್ತೆ, ಗಿಡ ಕತ್ತರಿಸಿಬಿಡ್ರೀ. ಮತ್ತೆ ಚಿಗುರುತ್ತೆ" ಎಂದಳು ಒಂದು ದಿನ.

ಎಷ್ಟು ಕತ್ತರಿಸಬೇಕು ಎಂದು ಕೇಳಬಹುದಿತ್ತು. ಕೇಳುವುದೇ? ಕತ್ತರಿ ಹಿಡಿಯುವುದನ್ನು ನನಗೆ ಇನ್ನೊಬ್ಬರು ಹೇಳಿಕೊಡಬೇಕೇ? ಸಾಲಿನುದ್ದಕ್ಕೂ, ಮಿಷನ್ ಹೊಡೆದ ತಲೆಯಂತೆ, ಒಂದೇ ಸಮಕ್ಕೆ ಬುಡದವರೆಗೆ ಇಳಿಸಿದೆ. ಕಂದು ಕಡ್ಡಿಗಳಷ್ಟೇ ಉಳಿದವು. ಅಚ್ಚುಕಟ್ಟಾಗಿದೆ ಎಂದು ಹಿಗ್ಗಿದೆ ಬೇರೆ.

ಹದಿನೈದು ದಿನವಾಯಿತು, ತಿಂಗಳಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಒಂದು ಚಿಗುರಿಲ್ಲ. ಕೊನೆಗೆ ನನ್ನ ಹಳೇ ಗಿರಾಕಿಯಾದ ಗಿಡದ ನರ್ಸರಿಯವನನ್ನು ಕರೆತಂದು ತೋರಿಸಿದೆ.

"ಅಯ್ಯೋ ಮಾರಾಯ್ರೇ, ಹಸಿರೆಲೆ ಸ್ವಲ್ಪ ಬಿಟ್ಟು ಕತ್ತರಿಸ್ಬೇಕಿತ್ತು. ಹಳೇ ಕಡ್ಡಿ ಮತ್ತೆ ಚಿಗುರಲ್ಲ. ಇದೇನು ನಿಮ್ಮಂಗಡಿ ತಲೆ ಅಂದ್ಕೊಂಡ್ರಾ?"

ಬಾಯಿಗೆ ಬಂದಂತೆ ಬೈದು ಅವನನ್ನು ಕಳಿಸಿದೆ. ಆಮೇಲೆ ಆ ಕಡ್ಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತೆ.

"ಚಿಗುರಿತಾ?" ಅಂದು ಸಂಜೆ ಆಸ್ಪತ್ರೆಯಲ್ಲಿ ಅವಳು ಕೇಳಿದಳು.

"ಚಿಗುರೋದೇನು, ಹೂವೇ ಬಂದಿದೆ. ನಿನ್ನ ನೆಂಟ್ರ ಕಾಟಕ್ಕೆ ಕಿಟಕಿ ತೆಗೆಯೋ ಹಾಗಿಲ್ಲ" ಎಂದೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಅಂದು ಪೂರ್ತಿ ಊಟ ಮಾಡಿದಳು.

ಅವಳು ಸೇರಿ ಎರಡು ತಿಂಗಳಾದಾಗ ಆಸ್ಪತ್ರೆಯವರು, ಇನ್ನು ಮನೆಯಲ್ಲೇ ಇರಲಿ ಎಂದರು. ಗುಣವಾಗಿದ್ದಕ್ಕೇ ಕಳಿಸುತ್ತಿದ್ದಾರೆ ಎಂದುಕೊಂಡ ಅವಳು ಪಕ್ಕದ ಹಾಸಿಗೆಯವರಿಗೆಲ್ಲ ಹೇಳಿ ಬಂದಳು. ಮನೆಯೊಳಗೆ ಕಾಲಿಟ್ಟಿದ್ದೇ ಗೋಡೆ ಹಿಡಿದು ಅಡುಗೆಮನೆಗೆ ನಡೆದಳು.

"ಮೊದ್ಲು ಮಲಕ್ಕೋ, ಆಮೇಲೆ ನೋಡಿದ್ರಾಯ್ತು" ಎಂದು ಅಡ್ಡ ನಿಂತೆ.

"ಸರೀರಿ ಆಚೆ" ಎಂದು ಕಿಟಕಿ ತೆರೆದಳು.

ಬಹಳ ಹೊತ್ತು ನೋಡಿದಳು. ಬೈಯಲಿ, ಶಾಪ ಹಾಕಲಿ ಎಂದು ಕಾದೆ.

"ನನ್ನ ಕೈಯಿಂದ ತಪ್ಪಾಯ್ತು ಕಣೇ. ನೀನು ನೊಂದ್ಕೋತೀಯ ಅಂತ ಸುಳ್ಳು ಹೇಳ್ದೆ."

ಅವಳು ಕಡ್ಡಿಗಳಿಂದ ಕಣ್ಣು ತೆಗೆದು ನನ್ನ ಮುಖ ನೋಡಿದಳು.

"ಹಾಗಾದ್ರೆ ಡಾಕ್ಟ್ರು ಹೇಳಿದ್ದೂ..."

ನಾನು ಕಿಟಕಿ ಮುಚ್ಚಲು ಕೈ ಚಾಚಿದೆ. ಅವಳು ಕೈಯಾಡಿಸಿ ಸ್ಟೂಲು ಹುಡುಕಿಕೊಂಡು ಕೂತಳು.

"ಎಷ್ಟು ದಿನ ಉಳಿದಿದೇರೀ?"

"ಒಂದು ತಿಂಗಳು" ಎಂದೆ.